ಲಾಯ್ಡ್ ಹೇಳಿಕಳಿಸಿದ ಮಾತು

...ಅಲ್ಲ ಕಣಮ್ಮಾ ವರ್ನಾ, ಬ್ರೇಕೇ ಇರ್ಲಿಲ್ಲ ಅಂತೀನಿ! ವಿಮಾನಕ್ಕೆ! ಯಾಕೆ ನಗ್ತೀಯಾ? ನಗು, ನಗು... ಸಾವಿರದ ಒಂಬೈನೂರ ಹನ್ನೆರಡನೇ ಇಸವಿ. ಹಡಗಿನ ಮೇಲೆ ಹಲಗೆ ಹೊಡೆದು, "ಇದರ ಮೇಲೆ ಇಳಿಯಪ್ಪಾ ಪ್ರೆಂಟಿಸ್" ಅಂದ್ರು. ಅದುವರೆಗೂ ಯಾರೂ ಇಳಿದಿರ್ಲಿಲ್ಲ ನಮ್ಮ ಹಡಗಿನ ಮೇಲೆ. ನಿಲ್ಸೋದು ಹೇಗೆ ಸಾರ್ ಅಂದೆ. "ಅದು ನಿನ್ನ ಕೆಲಸ" ಅಂದ ಕ್ಯಾಪ್ಟನ್ನು! ಇಳಿದೆ. ನಿಲ್ಲಲೇ ಇಲ್ಲ! ಸೀದಾ ಹೋಗಿ ಅಡುಗೆಯೋನು ಒಣಗಹಾಕಿದ್ದ ಬಟ್ಟೆಯೊಳಗೆ ನುಗ್ತು... ಹಗ್ಗ, ಅಂಗಿ, ಚಡ್ಡಿ, ಎಲ್ಲಾ ಸುತ್ಕೊಂಡು ನಿಂತ್ಕೊಳ್ತು! ಪೇಪರಿನೋರು "ನೌಕಾಪಡೆಯ ಹೊಸ ಯುಗ" ಅಂತ ಬರೆದ್ರು. ಚಡ್ಡಿ ತಡೆದ ಯುಗ ಕಣಮ್ಮಾ!

ಅಯ್ಯೋ, ಹೊಟ್ಟೆ ನೋವು ಬಂತಾ? ಇರು, ಐಸ್ ಟೀ ಕುಡಿ. ಕಾರು ಬರೋಕೆ ಇನ್ನೂ ಟೈಮಿದೆ. ಇವತ್ತು ಪೆನ್ಸಕೋಲಾ ನೌಕಾನೆಲೆಯ ಹೊಸ ರನ್‌ವೇಗೆ ಈ ಮುದುಕನ ಹೆಸರು! ನೀನು ಅಷ್ಟು ದೂರದ ಓಹಾಯೋದಿಂದ ಬಸ್ಸಲ್ಲಿ ಬಂದ್ಯಲ್ಲ... ಲಾಯ್ಡ್‌ನ ಹೆಂಡತಿ ನನ್ನ ಪಕ್ಕದಲ್ಲಿ ಕೂತ್ಕೊಂಡ್ರೆ ನನಗದೇ ದೊಡ್ಡ ಪದಕ.

ಎರಡನೇ ಮಹಾಯುದ್ಧದಲ್ಲಿ ನನಗೆ ವಿಮಾನವಾಹಕ ನೌಕೆ ಕೊಟ್ರಲ್ಲ, ಆಗ ಸಿಕ್ಕಿದ್ದು ನಿನ್ನ ಗಂಡ. ಅಂಥ ತರಲೆ ಪೈಲಟ್‌ನ ನಾನು ನೋಡೇ ಇಲ್ಲ! ನನ್ನ ಕಥೆ ಯಾರೋ ಹೇಳಿದಾರೆ, ಇವನು ತನ್ನ ವಿಮಾನದ ಮೂತಿ ಮೇಲೆ ದೊಡ್ಡದಾಗಿ ಒಂದು ಚಡ್ಡಿ ಬರೆಸ್ಕೊಂಡ! ಪಟ್ಟೆಪಟ್ಟೆ ಚಡ್ಡಿ! ಕರೆಸಿ ಬೈಯೋಣ ಅಂತ ಹೋದ್ರೆ, "ಸಾರ್, ಅಳತೆ ಸರಿಯಾಗಿದೆಯಾ?" ಅಂತಾನೆ! ಹೆಂಗೆ ಬೈಯ್ಲಿ ಹೇಳು? ರೇಡಿಯೋದಲ್ಲೂ ಅದೇ. "ಮುದುಕಪ್ಪಂಗೆ ಬಟ್ಟೆ ಒಣಗಹಾಕೋಕೆ ಹೇಳಿ, ಪೆಟ್ರೋಲು ತಳ ಕಂಡಿದೆ, ಹಡಗು ಕಾಣಿಸ್ತಿದೆ, ಬಂದೇಬಿಟ್ಟೆ!" ಅಂದ. ಅಷ್ಟು ಟೆನ್ಷನ್ನಲ್ಲೂ ನಾವೆಲ್ಲ ಬಿದ್ದು ಬಿದ್ದು...

ಯಾಕಮ್ಮಾ? ಗ್ಲಾಸು ಯಾಕೆ ಕೆಳಗಿಟ್ಟೆ?

ಯಾವತ್ತಾ? ಅದು... ಯಾವತ್ತೋ. ಮೊದಲು ಯಾವಾಗ್ಲೋ ಒಂದಿನ... ಹಾಗೆ ನೋಡ್ಬೇಡ ವರ್ನಾ.

ಹೌದು. "ಹಡಗಿನಿಂದ ಹಾರಿದ ಮೇಲೆ ಲಾಯ್ಡ್‌ನಿಂದ ಸುದ್ದಿಯೇ ಬರಲಿಲ್ಲ" ಅಂತ ನಿನಗೆ ಕಾಗದ ಬರೆದಿದ್ದು ನಾನೇ. ನನ್ನ ಕೈಯಾರೆ.

ಬಂದಿತ್ತು. ನಮ್ಮ ತಲೆ ಮೇಲೇ ಸುತ್ತುತ್ತಿದ್ದ. ವಿಮಾನ ಇಳೀಬೇಕಾದ್ರೆ ಹಡಗು ಗಾಳಿಗೆ ಎದುರಾಗಿ ನೆಟ್ಟಗೆ ಹೋಗ್ಬೇಕು. ಅದೇ ದಿಕ್ಕಿನಲ್ಲೇ ಶತ್ರು ಸಬ್‌ಮರೀನ್ ಇದೆ ಅಂತ ಕೂಗಿದ್ರು. ನಾಲ್ಕು ನಿಮಿಷ ಕೊಟ್ಟಿದ್ರೆ ಇಳೀತಿದ್ದ. ನಾನು ಕೊಡ್ಲಿಲ್ಲ. ಹಡಗು ತಿರುಗಿಸ್ಬಿಟ್ಟೆ... ಎರಡು ಸಾವಿರ ಜನ ಇದ್ರಮ್ಮಾ ಕೆಳಗೆ! ಇವತ್ತಾದ್ರೂ ಅದನ್ನೇ ಮಾಡ್ತೀನಿ. ಆದ್ರೆ... ಹಡಗು ತಿರುಗಿದ ಮೇಲೂ, ಪೆಟ್ರೋಲು ಮುಗಿದು ನೀರಿಗೆ ಬೀಳೋವರೆಗೂ, ಅವನು ಮಾತಾಡ್ತಾನೇ ಇದ್ದ. ನಾನು ಕೇಳ್ತಾ ನಿಂತಿದ್ದೆ. ಅದನ್ನ ಕಾಗದದಲ್ಲಿ ಹೆಂಗೆ ಬರೀಲಿ?

ಎದ್ದೇಳ್ಬೇಡ. ಒಂದು ನಿಮಿಷ... ನಿನಗೇ ಸೇರ್ಬೇಕಾದ್ದು ಒಂದಿದೆ, ಇಷ್ಟು ವರ್ಷ ನಾನಿಟ್ಕೊಂಡುಬಿಟ್ಟೆ. "ವರ್ನಾಗೆ ಹೇಳಿ, ಹೆಸರಿನ ಜಗಳದಲ್ಲಿ ನಾನೇ ಸೋತೆ. ಹೆಣ್ಣುಮಗು ಆದ್ರೆ ಅವಳಿಷ್ಟದ ಹೆಸರೇ ಇಡ್ಲಿ, ನಮ್ಮಮ್ಮನ ಹೆಸರು ಬೇಡ" ಅಂದ. ನಗ್ತಾ ಇದ್ದ ಕಣಮ್ಮಾ. ಹೇಳೋಣ ಅಂದ್ರೆ, ಯಾವಾಗ ಹೇಳಿದ ಅಂತ ನೀನು ಕೇಳ್ತಿದ್ದೆ...

ನಿನ್ನ ಮಗಳು... ಗರ್ಟ್ರೂಡ್ ಅಲ್ವಾ? ಅವನಮ್ಮನ ಹೆಸರನ್ನೇ ಇಟ್ಟೆಯಲ್ಲಮ್ಮಾ. ಈಗೆಷ್ಟು ವರ್ಷ ಅವಳಿಗೆ? ಒಂಬತ್ತಾ?