ಅಗುಳಿ ಹಾಕುವವರು ಯಾರು?

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಹಳೆಯ ಇನ್‌ಸ್ಪೆಕ್ಟರ್ ಸಾಹೇಬರೇ, ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅಣ್ಣ, ತಮ್ಮ, ತಂಗಿಯರೇ, ಹಿಂದೆ ಬೆಂಚಿನ ಮೇಲೆ ಹತ್ತಿ ನಿಂತಿರುವ ಮಕ್ಕಳೇ, ಕೆಳಗಿಳಿಯಿರಿ, ಮತ್ತು ಸಭಿಕರೇ.

ನನಗಿಂತ ಮುಂಚೆ ಮಾತಾಡಿದವರು, ಈ ಮಿಸ್ಸು ಭಾಗಾಕಾರವನ್ನು ನೀರು ಕುಡಿದಷ್ಟು ಸುಲಭ ಮಾಡಿದರು ಎಂದರು. ದೊಡ್ಡ ಮನಸ್ಸು. ಆ ಪೀರಿಯಡ್ಡಿನಲ್ಲಿ ನೀರು ಕುಡಿಯಲೆಂದು ಹೊರಗೆ ಹೋದವರು ಎಷ್ಟು ಹೊತ್ತಾದರೂ ತಿರುಗಿ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಬೀಳ್ಕೊಡುಗೆಯ ದಿನ ಅದನ್ನೆಲ್ಲ ಕೆದಕಬಾರದು.

ನಾನು ಮಾಡಿದ್ದು ಇಷ್ಟೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದು ದೊಡ್ಡಿ ಎಂದೆ. ಮಕ್ಕಳನ್ನು ಕುರಿ ಎಂದೆ. ಕೆಲವರ ವಿಷಯದಲ್ಲಿ ಹೆಚ್ಚೇನೂ ಕಲ್ಪಿಸಿಕೊಳ್ಳಬೇಕಾಗಲಿಲ್ಲ. ನಾನು ಪಾಠ ಮಾಡಿದ ಮೊದಲ ತರಗತಿಯಲ್ಲಿ ಹದಿಮೂರು ಮಕ್ಕಳಿದ್ದರು. ನಾಲ್ಕು ನಾಲ್ಕು ಜನ ಒಳಗೆ ಹೋದರು. ಒಬ್ಬಳು ಹೊರಗೆ ಉಳಿದಳು. "ಇವಳು ಶೇಷ" ಎಂದು ನಾನು ಪಾಠ ಮುಗಿಸಿದೆ. ಅವಳು ಗೋಳೋ ಎಂದು ಅತ್ತಳು.

ಏನು ಮಾಡುವುದು? ಪುಸ್ತಕದಲ್ಲಿ ಶೇಷಕ್ಕೆ ಸಮಾಧಾನ ಹೇಳುವ ವಿಧಾನ ಕೊಟ್ಟಿಲ್ಲ. "ಅಳಬೇಡ್ವೇ, ನೀನೇ ಕುರಿ ಕಾಯೋಳು. ನೀನಿಲ್ದಿದ್ರೆ ಬಾಗಿಲಿಗೆ ಅಗುಳಿ ಯಾರು ಹಾಕ್ತಾರೆ?" ಎಂದೆ. ಅವತ್ತೇ ಪದ್ಯ ಹುಟ್ಟಿತು.

ಕುರಿ ಕುರಿ ಹದಿಮೂರು, ದೊಡ್ಡಿಗಳೋ ಮೂರು,
ನಾಲ್ಕು ನಾಲ್ಕು ಒಳಗೆ ತೂರು, ಬಾಗಿಲ ಬಳಿ ಯಾರು?

ಉಳಿದ ಮಗು ಕೂಗಬೇಕು: "ಉಳಿದದ್ದು ನಾನು, ಅಗುಳಿ ಹಾಕೋದು ನಾನು!" ಮಾರನೆಯ ದಿನದಿಂದ ಒಳಗೆ ಹೋಗಲು ಒಬ್ಬರೂ ತಯಾರಿಲ್ಲ. ಎಲ್ಲರಿಗೂ ಶೇಷವೇ ಆಗಬೇಕು.

ನನಗೆ ಆ ಮಾತು ಅಷ್ಟು ಬೇಗ ಹೇಗೆ ಹೊಳೆಯಿತು ಎಂದು ಮುಖ್ಯೋಪಾಧ್ಯಾಯಿನಿಯವರು ಒಮ್ಮೆ ಕೇಳಿದ್ದರು. ವಿಶೇಷವೇನಿಲ್ಲ. ನಮ್ಮ ಮನೆಯಲ್ಲಿ ಮೂರು ಕೋಣೆ. ಅಣ್ಣನ ಮದುವೆಯಾಯಿತು, ಒಂದು ಕೋಣೆ. ತಮ್ಮನದಾಯಿತು, ಇನ್ನೊಂದು. ತಂಗಿ, ಅವಳ ಗಂಡ ಬಂದರೆ ಮೂರನೆಯದು. ನನ್ನ ಮಂಚ ಹಜಾರದಲ್ಲಿ, ಮುಂಬಾಗಿಲ ಪಕ್ಕ. ಅಮ್ಮ ಇರುವವರೆಗೂ ಹೇಳುತ್ತಿದ್ದಳು, "ನೀನಿದ್ದೀಯಲ್ಲ, ಬಾಗಿಲ ಚಿಂತೆ ನಮಗಿಲ್ಲ." ಅದನ್ನು ಅವಳು ಪ್ರೀತಿಯಿಂದಲೇ ಹೇಳುತ್ತಿದ್ದಳು. ಇರಲಿ, ಗಣಿತಕ್ಕೆ ಬರೋಣ.

ಒಂದು ಸಲ ಇದೇ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. "ಇಪ್ಪತ್ತು ಬಾತುಕೋಳಿ, ನಾಲ್ಕು ಗೂಡು. ಒಂದೊಂದರಲ್ಲಿ ಎಷ್ಟು?" ಎಂದು ಕೇಳಿದರು. ನನ್ನ ಅತಿ ಜಾಣ ಹುಡುಗಿ ಎದ್ದು ನಿಂತಳು.

"ನಾಲ್ಕು ಸಾರ್. ಉಳಿದ ನಾಲ್ಕು ಅಗುಳಿ ಹಾಕ್ತಾವೆ."

"ಐದು ಬರಬೇಕಲ್ವೇನಮ್ಮಾ?"

"ಐದೈದು ಒಳಗೆ ಹೋದ್ರೆ ನರಿ ಬರಲ್ವಾ ಸಾರ್?"

ಇಡೀ ತರಗತಿ ತಲೆಯಾಡಿಸಿತು. ಸಾಹೇಬರು ನನ್ನನ್ನು ನೋಡಿದರು. "ತಪ್ಪು ಸಾರ್" ಎಂದೆ. ತಪ್ಪೇ ಅಲ್ಲವೇ? ಅವರು ಹೋದ ಮೇಲೆ ನಿಯಮ ತಿದ್ದಿದೆ. ಲೆಕ್ಕ ಸರಿಯಾಗಿ ಹಂಚಿಹೋಗಿ ಶೇಷ ಸೊನ್ನೆ ಬಂದರೆ, ಅಗುಳಿಯನ್ನು ಮಿಸ್ಸೇ ಹಾಕುತ್ತಾರೆ. ಮಕ್ಕಳು ಒಪ್ಪಿದರು. ಅಲ್ಲಿಂದ ನನಗೆ ಅಗುಳಿ ಮಿಸ್ ಎಂಬ ಹೆಸರು ಬಿತ್ತು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಿರಾ?

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಲೆಕ್ಕ ನಡೆಯಿತು. ನಿವೃತ್ತಿಯಾದ ಮೇಲೆ ನಾನು ಎಲ್ಲಿರಬೇಕು ಎಂಬ ಲೆಕ್ಕ. ವರ್ಷಕ್ಕೆ ಹನ್ನೆರಡು ತಿಂಗಳು, ತಮ್ಮ ಬೇರೆ ಮನೆ ಮಾಡಿದ್ದರಿಂದ ಈಗ ಒಡಹುಟ್ಟಿದವರ ಮನೆ ಮೂರು. ತಂಗಿಗೆ ಮಕ್ಕಳ ಪರೀಕ್ಷೆಯ ತಿಂಗಳುಗಳೇ ಬೇಕು. ತಮ್ಮನ ಸೊಸೆಗೆ ಹೆರಿಗೆ ಇದೆ, ಅವನಿಗೆ ಆ ತಿಂಗಳುಗಳು. ಅಣ್ಣ ಅತ್ತಿಗೆ ಪ್ರವಾಸ ಹೋಗುತ್ತಾರೆ, ಆಗ ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ. ಎಳೆದಾಟ ಜೋರಾಗಿಯೇ ನಡೆಯಿತು. ಇಷ್ಟೊಂದು ಬೇಡಿಕೆ ನನ್ನ ಪ್ರಾಯದಲ್ಲೂ ಇರಲಿಲ್ಲ. ಕೊನೆಗೆ ಅಣ್ಣ, "ತಲಾ ನಾಲ್ಕು ತಿಂಗಳು. ನೋಡಿದ್ಯಾ, ಲೆಕ್ಕ ಎಷ್ಟು ಸರಿಯಾಗಿ ಕೂತಿತು!" ಎಂದ. ನಾನು ಆಗ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಸಭಿಕರೇ, ನನಗೆ ಸಿಟ್ಟು ಬಂತು. ಅಳುವೂ ಬಂತು. ಇವರು ಕೆಟ್ಟವರಲ್ಲ. ಇವರ ಮಕ್ಕಳನ್ನು ಎತ್ತಿ ಆಡಿಸಿದ್ದೇನೆ, ಇವರಿಗೆ ನೆಗಡಿಯಾದರೆ ಇವತ್ತಿಗೂ ನನಗೆ ನಿದ್ದೆ ಬರುವುದಿಲ್ಲ. ಆದರೆ ಹನ್ನೆರಡೂ ತಿಂಗಳು ದೊಡ್ಡಿಯೊಳಗೆ ಹೋಯಿತಲ್ಲ, ನನಗೆ ಉಳಿದದ್ದೇನು? ಹಂಚುವಾಗ ಯಾರಾದರೂ ಕುರಿಯನ್ನು ಕೇಳುತ್ತಾರೆಯೇ? ಇಷ್ಟು ವರ್ಷ ನಾನೂ ಕೇಳಿರಲಿಲ್ಲ ಬಿಡಿ.

ಆದ್ದರಿಂದ ಆ ಲೆಕ್ಕವನ್ನು ನಾನು ಇನ್ನೊಮ್ಮೆ ಮಾಡಿದ್ದೇನೆ. ಹನ್ನೆರಡು ತಿಂಗಳು, ಮೂರು ಮನೆ. ತಲಾ ಸೊನ್ನೆ. ಶೇಷ ಹನ್ನೆರಡು. ಸಾಹೇಬರು ಅಡ್ಡಡ್ಡ ತಲೆಯಾಡಿಸುತ್ತಿದ್ದಾರೆ. ತಪ್ಪು ಸಾರ್, ನನಗೆ ಗೊತ್ತು.

ಇಲ್ಲೇ ಶಾಲೆಯ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಿದ್ದೇನೆ. ಒಂದು ಕಿಟಕಿ, ಒಂದು ಒಲೆ, ಒಂದು ಮಂಚ. ಮಂಚವನ್ನು ಕಿಟಕಿಯ ಪಕ್ಕ ಹಾಕಿಸಿದ್ದೇನೆ. ಅಣ್ಣಾ, ಹಾಗೆ ನೋಡಬೇಡ. ನನ್ನ ಟ್ರಂಕು ಬೆಳಿಗ್ಗೆಯೇ ಅಲ್ಲಿಗೆ ಹೋಯಿತು, ಆಗ ನೀವೆಲ್ಲ ಸಭೆಗೆ ಬಟ್ಟೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದಿರಿ. ನೀವು ಮೂವರೂ ಬರಬೇಕು, ಮಕ್ಕಳನ್ನೂ ಕರೆತರಬೇಕು. ಬಂದವರಿಗೆ ಚಹಾ ಉಂಟು. ಬಾಗಿಲು ತಟ್ಟಿ ಬನ್ನಿ.

ನನ್ನನ್ನು ಸಹಿಸಿದ ಈ ಶಾಲೆಗೆ, ಕುರಿಗಳಾಗಿ ಸಹಕರಿಸಿದ ಮಕ್ಕಳಿಗೆ, ಗಡಿಯಾರ ಕೊಟ್ಟ ಸಹೋದ್ಯೋಗಿಗಳಿಗೆ ನಾನು ಋಣಿ. ಅದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆಯಲು ಟೈಲರ್ ಒಪ್ಪಿದ್ದಾನೆ.

ಅಣ್ಣಾ, ಇವತ್ತು ಮನೆಯ ಅಗುಳಿಯನ್ನು ನೆನಪಿಟ್ಟು ನೀನೇ ಹಾಕು. ನನ್ನ ಕೋಣೆಗೂ ಒಂದಿದೆ, ಒಳಗಿನಿಂದ. ನಿನ್ನೆ ಹಾಕಿ ನೋಡಿದೆ, ಚೆನ್ನಾಗಿ ಬೀಳುತ್ತದೆ.

ಎಲ್ಲರಿಗೂ ಅಗುಳಿ ಮಿಸ್ಸಿನ ನಮಸ್ಕಾರ.