ಕಲಾಯಿ ಮಕ್ತುಮನಿಗೆ ಸಾಲ ಸಿಕ್ಕಿದ್ದು

ಹತ್ತಿರ ಬನ್ನಿ, ಕೇಳ್ರಪ್ಪಾ ಕೇಳಿ. ಯಾವ ನಕ್ಷೆಯಲ್ಲೂ ಇಲ್ಲದ ಒಂದು ರಾಜ್ಯ. ಅಲ್ಲಿ ಮಕ್ತುಮ್ ಅಂತ ಒಬ್ಬ ಕಲಾಯಿಗಾರ. ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುವುದು ಅವನ ಕಸುಬು. ಬೆಂಕಿಗೆ ಗಾಳಿ ಊದುವ ತಿದಿಯೊಂದೇ ಅವನ ಆಸ್ತಿ. ಅದೂ ಸಾವುಕಾರನಿಗೆ ಅಡವು. ತವರ ಕೊಡುವವನೂ ಸಾವುಕಾರನೇ, ಗಳಿಕೆಯಲ್ಲಿ ಅರ್ಧ ಒಯ್ಯುವವನೂ ಸಾವುಕಾರನೇ. ಆದರೂ ಸಾಲ ತೀರಲಿಲ್ಲ. ತೀರಿದರೆ ಸಾವುಕಾರ ಏನು ತಿನ್ನಬೇಕು?

"ಶುಕ್ರವಾರದೊಳಗೆ ಸಾಲ ತೀರಿಸು. ಇಲ್ಲ, ತಿದಿ ಹೊತ್ಕೊಂಡು ಹೋಗ್ತೀನಿ" ಅಂದ ಸಾವುಕಾರ.

ಅದೇ ವಾರ ರಾಜ ಡಂಗುರ ಹೊಡೆಸಿದ. ಸಣ್ಣ ಕಸುಬಿನ ಬಡವರಿಗೆ ಖಜಾನೆಯಿಂದ ಕಡಿಮೆ ಬಡ್ಡಿಯ ಸಾಲ! ಡಂಗುರಕ್ಕೆ ಏನು ಖರ್ಚು?

ಮಂಗಳವಾರ ಮಕ್ತುಮ್ ಖಜಾನೆಯ ಗುಮಾಸ್ತ ಚಿದಂಬರಯ್ಯನ ಮುಂದೆ ನಿಂತ.

"ಅಡವಿಗೆ ಏನಿದೆಯೋ?"

"ಏನೂ ಇಲ್ಲ ಬುದ್ಧಿ."

"ಹೋಗು."

ಬುಧವಾರ ಮತ್ತೆ ಹೋದ.

"ಜಾಮೀನು ಯಾರು? ಹೊಲ ಇದ್ದವರು ಬೇಕು."

"ಹೊಲ ಇದ್ದವರು ನನ್ನ ಹಿಂದೆ ಯಾಕೆ ಬರ್ತಾರೆ ಬುದ್ಧಿ?"

"ಹೋಗು. ನಾಳೆ ನಿನ್ನ ಮನೆ ನೋಡ್ತೀನಿ. ಬರಿದಾಗಿದ್ರೆ ಬಿಡಿಗಾಸು ಸಿಗಲ್ಲ."

ಹೆಂಡತಿ ಹುಸೇನ್‌ಬಿ ಅಂದಳು, "ಬರಿ ಮನೆ ಯಾಕೆ ತೋರಿಸ್ತೀರಿ?" ಕಲಾಯಿಗೆ ಬಂದಿದ್ದ ಊರವರ ಪಾತ್ರೆಗಳಿಗೆಲ್ಲ ಹುಣಸೆಹಣ್ಣು ಹಚ್ಚಿ ಹೊರಮೈ ತಿಕ್ಕಿದಳು, ತೊಳೆದಳು, ಗೋಡೆಗೆ ಜೋಡಿಸಿದಳು.

ಗುರುವಾರ ಗುಮಾಸ್ತ ಬಂದ. ಕಣ್ಣು ಕುಕ್ಕಿತು.

"ಲೇ, ನನ್ನ ಮನೇಲೂ ಇಷ್ಟು ಹಿತ್ತಾಳೆ ಇಲ್ಲ! ಸಾಲ ಬಡವರಿಗೆ ಕಣೋ!"

ಇಲ್ಲ ಅಂದಾಗ ಸಾಲ ಇಲ್ಲ. ಇದೆ ಅಂದಾಗಲೂ ಇಲ್ಲ. ಬೆಳಗಾದರೆ ಶುಕ್ರವಾರ.

ಹುಸೇನ್‌ಬಿ ಮುಂದೆ ಬಂದಳು. "ಇವು ನಮ್ಮವಲ್ಲ ಬುದ್ಧಿ. ಕಂಠದ ಮೇಲೆ ಹೆಸರು ಕೊರೆಸಿದ್ದಾರೆ, ಓದಿ."

ಗುಮಾಸ್ತ ಬಗ್ಗಿದ. ಒಂದರ ಮೇಲೆ ಗೌಡರ ಮನೆ. ಇನ್ನೊಂದರ ಮೇಲೆ ಗಾಣಿಗರ ಮನೆ. ಮೂರನೆಯದರ ಮೇಲೆ? ಚಿದಂಬರಯ್ಯನವರ ಮನೆ!

"ನಮ್ಮ ಕೊಪ್ಪರಿಗೆ ಇಲ್ಲಿ ಯಾಕಿದೆ?"

"ನಾಡಿದ್ದು ನಿಮ್ಮ ಮಗಳ ಸೀಮಂತ ಅಂತ ಅಮ್ಮಾವ್ರು ಕಳಿಸಿದ್ರು. ನಲವತ್ತು ಮನೆಯವರು ಪಾತ್ರೆ ಬಿಟ್ಟು ಹೋಗಿದ್ದಾರೆ. ಯಾರೂ ಅಡವು ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ನಾಳೆ ಸಾವುಕಾರ ಸಾಲಕ್ಕೆ ತಿದಿ ಒಯ್ದ್ರೆ ಕಲಾಯಿ ಇಲ್ಲ. ಬರೀ ಹಿತ್ತಾಳೆಯಲ್ಲಿ ಹುಳಿ ಕಾಯಿಸಿದ್ರೆ ನೆಂಟರ ಹೊಟ್ಟೆ ಕೆಡುತ್ತೆ. ಅಮ್ಮಾವ್ರಿಗೆ ನೀವೇ ಹೇಳಿಬಿಡಿ."

ಗುಮಾಸ್ತನ ಎದೆ ಕರಗಿತು ಅಂದ್ಕೊಂಡ್ರಾ? ಖಜಾನೆಯವರ ಎದೆ ಅಷ್ಟು ಸಲೀಸಾಗಿ ಕರಗಲ್ಲ. ಅವನಿಗೆ ಹೆಂಡತಿಯ ಮುಖ ನೆನಪಾಯಿತು, ಅಷ್ಟೇ. ಅಲ್ಲೇ ಕೂತು ಸಾಲದ ಕಾಗದ ಬರೆದ. ಜಾಮೀನು ಅನ್ನುವ ಕಡೆ ತನ್ನದೇ ಹೆಸರು ಗೀಚಿದ. ಸಂಜೆಯೊಳಗೆ ಖಜಾನೆಯ ದುಡ್ಡು ಮಕ್ತುಮನ ಕೈಗೆ ಬಂತು.

ಶುಕ್ರವಾರ ಸಾವುಕಾರ ತಿದಿ ಹೊರಲು ಇಬ್ಬರು ಆಳುಗಳ ಜೊತೆ ಬಂದ. ಬಾಕಿ ತಗೊಂಡ. ಬರಿಗೈಯ ಆಳುಗಳಿಗೂ ಕೂಲಿ ಕೊಡಬೇಕಾಯಿತು. ಅವನು ಅತ್ತದ್ದು ಅದಕ್ಕೆ.

ಮಕ್ತುಮ್ ತಿದಿ ಒತ್ತಿದ. ಅದು ಬುಸ್ ಅಂತು. ಅವನೂ ಬುಸ್ ಅಂತ ಉಸಿರು ಬಿಟ್ಟ. ಎಷ್ಟೋ ವರ್ಷದ ಮೇಲೆ, ಸಾಲದಲ್ಲಿ ಉಳಿದ ಕಾಸಿಗೆ ಕೊಂಡ ತನ್ನ ಸ್ವಂತ ತವರ ಕರಗುವುದನ್ನು ನೋಡುತ್ತಾ ಕೂತ.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಆಕಳಿಸಿದೆವು. ಏಳಿ, ಮನೆಗೆ ನಡೀರಿ.