ಕಣ್ಣುಳಿ ತೋರಿಸಿದ ಬಗ್ಗೆ

ಹೆಸರು ತಬಸ್ಸುಮ, ತಂದೆ ನಿಜಾಮುದ್ದೀನ ಗೋಲಂದಾಜ, ವಯಸ್ಸು 23 ವರ್ಷ, ಉದ್ಯೋಗ ಸಕ್ಕರೆ ಗೊಂಬೆಯ ಮರದ ಅಚ್ಚು ಕೆತ್ತುವುದು, ಓದಿದ್ದು ಐದನೇ ಇಯತ್ತೆ, ಸಾ: ಮಸೀದಿ ಓಣಿ, ಬೆಟಗೇರಿ, ತಾ: ಜಿ: ಗದಗ. ಈ ದಿನ ಬೆಳಿಗ್ಗೆ ಠಾಣೆಗೆ ಬಂದು, ಮಹಿಳಾ ಪೊಲೀಸ್ ಮಮತಾ ಅವರ ಮುಂದೆ ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದು ಏನೆಂದರೆ:

ನಾನು ಮೇಲಿನ ವಿಳಾಸದಲ್ಲಿ ನನ್ನ ತಾಯಿ ಬಾನುಬಿ ಜೊತೆ ವಾಸವಾಗಿದ್ದೇನೆ. ತಂದೆ ತೀರಿಕೊಂಡಿದ್ದಾರೆ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಆರತಿಗೆ ಒಯ್ಯುವ ಸಕ್ಕರೆಯ ಆನೆ, ಗಿಳಿ, ನವಿಲುಗಳನ್ನು ಎರೆಯುವ ಅಚ್ಚುಗಳನ್ನು ಸಾಗವಾನಿ ಮರದಲ್ಲಿ ಕೆತ್ತಿ, ಗದಗ, ಲಕ್ಷ್ಮೇಶ್ವರ ಮತ್ತು ಮುಂಡರಗಿಯ ಗೊಂಬೆ ಮಾಡುವವರಿಗೆ ಕೊಡುತ್ತೇನೆ. ಒಂದು ಅಚ್ಚಿಗೆ ಎರಡು ಹೋಳು ಇರುತ್ತವೆ. ಎರಡನ್ನೂ ಕೂಡಿಸಿ ಕಟ್ಟಿ, ಒಳಗೆ ಕುದಿಯುವ ಸಕ್ಕರೆ ಪಾಕ ಹೊಯ್ಯುತ್ತಾರೆ.

ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮ ಓಣಿಯ ದೇವೇಂದ್ರಪ್ಪ ಬಡಿಗೇರ. ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ನಾನು ಎಡಗೈಯವಳು. ಶಾಲೆಯಲ್ಲಿ ಬಲಗೈಯಿಂದ ಬರೆ ಎಂದು ನನ್ನ ಎಡಗೈ ಮೇಲೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಕಾಕಾ ಮೊದಲ ದಿನ ನಾನು ಉಳಿ ಹಿಡಿದದ್ದನ್ನು ನೋಡಿ, “ಕೈ ತಿದ್ದೂದು ಬ್ಯಾಡವ್ವಾ, ಉಳಿ ತಿದ್ದೂಣು” ಅಂತಾ ಹೇಳಿದರು. ಓರೆ ಬಾಯಿಯ ಒಂದು ಸಣ್ಣ ಉಳಿಯನ್ನು ಸಾಣೆಕಲ್ಲಿನ ಮೇಲೆ ಇನ್ನೊಂದು ಮಗ್ಗುಲಿಗೆ ಉಜ್ಜಿದರು. ಹಳೆಯ ಹಿಡಿ ತೆಗೆದು ಜಾಲಿ ಕಟ್ಟಿಗೆಯ ಹೊಸ ಹಿಡಿ ಹಾಕಿ, ನನ್ನ ಎಡಗೈ ಹೆಬ್ಬೆರಳು ಕೂರುವಂತೆ ಅದರಲ್ಲಿ ಒಂದು ತಗ್ಗು ತೆಗೆದರು. ಆನೆ, ಗಿಳಿಗಳ ಕಣ್ಣು ಕೆತ್ತುವುದು ಅದರಿಂದಲೇ. ಆದ್ದರಿಂದ ನಾವು ಅದಕ್ಕೆ ಕಣ್ಣುಳಿ ಎನ್ನುತ್ತೇವೆ. ನನ್ನ ಮೇಲೆ ಕೊಟ್ಟಿರುವ ದೂರಿನಲ್ಲಿ ಚಾಕು ಎಂದು ಬರೆದಿರುವುದು ಇದೇ ಕಣ್ಣುಳಿ.

ಕಾಕಾ ಎರಡು ವರ್ಷದ ಹಿಂದೆ ತೀರಿಕೊಂಡರು. ಅದಕ್ಕೂ ಮುಂಚೆ, ತಮ್ಮ ಹೆಂಡತಿ ಅಮೃತವ್ವ ಕಾಕು ಅವರ ಎದುರಿಗೆ, ಉಳಿ, ಕೊಡತಿ, ಸಾಣೆಕಲ್ಲು ಇದ್ದ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. “ವರ್ಷಕ್ಕೊಮ್ಮೆ ಖಂಡೇ ಪೂಜಿಗೆ ಮನಿಗೆ ತಂದು ಇಡು. ಮರುದಿನ ನಿಮ್ಮ ಕಾಕು ಬನ್ನಿ ಕೊಟ್ಟ ಮ್ಯಾಲೆ ತಗೊಂಡು ಹೋಗು” ಅಂತಾ ಹೇಳಿದರು. ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಇಟ್ಟ ಉಪಕರಣವನ್ನು ದಸರೆಯ ಬನ್ನಿ ಕೊಡುವವರೆಗೆ ಮುಟ್ಟಬಾರದು ಎಂಬುದು ಅವರ ಮನೆಯ ಪದ್ಧತಿ. ಬನ್ನಿ ಕೊಟ್ಟ ಮೇಲೆ ಆ ವರ್ಷದ ಮೊದಲ ಕಣ್ಣನ್ನು ನಾನು ಕಾಕು ಎದುರಿಗೇ ಕೆತ್ತುತ್ತೇನೆ.

ಈ ವರ್ಷವೂ ದಿನಾಂಕ 11-10-2024 ರಂದು ಸಂಜೆ ಪೆಟ್ಟಿಗೆ ಒಯ್ದು ಕೊಟ್ಟೆನು. ಕಾಕು ಉಳಿಗಳಿಗೆ ವಿಭೂತಿ ಹಚ್ಚಿ ಚೆಂಡು ಹೂವು ಏರಿಸಿದರು. ಮರುದಿನ ದಿನಾಂಕ 12-10-2024 ರಂದು ಸಂಜೆ 5-30 ಗಂಟೆ ಸುಮಾರಿಗೆ, ಕಣ್ಣು ಮಾತ್ರ ಬಾಕಿ ಇದ್ದ ಆನೆಯ ಅಚ್ಚನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆನು. ಕಾಕು ಬನ್ನಿ ತರಲು ಗುಡಿಗೆ ಹೋಗಿದ್ದರು. ಕಟ್ಟೆಯ ಮೇಲೆ ಅವರ ಮಗ ವೀರೇಶ ಮತ್ತು ನನಗೆ ಪರಿಚಯವಿಲ್ಲದ ಒಬ್ಬ ಗಂಡಸು ಕುಳಿತಿದ್ದರು. ವೀರೇಶ ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಪೆಟ್ಟಿಗೆ ತೆರೆದಿತ್ತು. ಆ ಗಂಡಸು ಉಳಿಗಳನ್ನು ಒಂದು ಹಲಗೆಯ ಮೇಲೆ ಬೀಸಣಿಗೆಯಂತೆ ಹರಡಿ ಫೋಟೋ ತೆಗೆಯುತ್ತಿದ್ದನು. ವಿಭೂತಿ ಅಳಿಸಿಹೋಗಿತ್ತು.

ನಾನು ಇದೇನು ಎಂದು ಕೇಳಲಾಗಿ, ವೀರೇಶನು “ಹೊಸ ಹೋಟೆಲಿನ ಗ್ವಾಡಿಗೆ ಹಚ್ಚತಾರಂತ. ಮ್ಯಾಲಿಂದ ಲೈಟ್ ಬಿಡತಾರಂತ. ನಮ್ಮಪ್ಪನ ಕಲಾ ನಾಲ್ಕು ಮಂದಿ ನೋಡಲಿ ಬಿಡು” ಅಂದನು. ನಾನು “ಅಣ್ಣಾ, ಗ್ವಾಡಿ ಮ್ಯಾಲೆ ಉಳಿಗೆ ಏನ್ ಕೆಲಸ ಐತಿ? ಹುಣ್ಣಿಮಿ ಬಂತು. ಅಚ್ಚು ಕೇಳಿದವರು ಕಾಯಾಕತ್ಯಾರ” ಅಂದೆನು. ಅದಕ್ಕೆ ಅವನು “ಈಗೆಲ್ಲಾ ಪ್ಲಾಸ್ಟಿಕ್ ಅಚ್ಚು ಬಂದಾವು, ನಿನ್ನ ಕಟ್ಟಿಗಿ ಯಾರಿಗೆ ಬೇಕು” ಅಂದನು. ನಾನು “ಅದರಾಗ ಕುದಿಯೂ ಪಾಕ ಹೊಯ್ದು ನೋಡು, ಆನಿ ಹೋಗಿ ಎಮ್ಮಿ ಬರತೈತಿ” ಅಂದೆನು. ಫೋಟೋ ತೆಗೆಯುತ್ತಿದ್ದವನು ನಕ್ಕನು. ಅವನು ನಕ್ಕಿದ್ದಕ್ಕೆ ವೀರೇಶನಿಗೆ ಸಿಟ್ಟು ಬಂತು ಎಂದು ನನ್ನ ತಿಳುವಳಿಕೆ.

ಆಗ ವೀರೇಶನು “ನಮ್ಮಪ್ಪ ಕನಿಕರಕ್ಕ ನಾಲ್ಕು ದಿನ ಆಡಾಕ ಕೊಟ್ಟಿದ್ದಾ. ಇವು ನಿನ್ನವು ಅನ್ನಾಕ ಏನೈತಿ? ಹೆಸರು ಕೊರದೈತೇನು? ಇದ್ರ ತೋರಿಸು” ಅಂದನು. ತೋರಿಸು ಎಂದು ಮೊದಲು ಹೇಳಿದವನು ಅವನೇ. ಇದನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನಾನು ಹಲಗೆಯ ಮೇಲಿನಿಂದ ಕಣ್ಣುಳಿಯನ್ನು ಎತ್ತಿ, ಅದರ ಬಾಯಿಯನ್ನು ನನ್ನ ಕಡೆಗೇ ಇಟ್ಟುಕೊಂಡು, ಹಿಡಿಯ ತಗ್ಗನ್ನು ಅವನಿಗೆ ತೋರಿಸಿದೆನು. ನಮ್ಮಿಬ್ಬರ ನಡುವೆ ಪೆಟ್ಟಿಗೆ ಇತ್ತು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಅಚ್ಚಿನ ಒಂದು ಹೋಳು ತೆಗೆದು, ಎಡಗೈಯಿಂದ ಆನೆಯ ಕಣ್ಣು ಕೆತ್ತಿದೆನು. ಕಣ್ಣಿನ ಸುತ್ತಲಿನ ಸುಕ್ಕುಗಳನ್ನೂ ಕೆತ್ತಿದೆನು. ಇಬ್ಬರೂ ಬಗ್ಗಿ ನೋಡಿದರು. ಆಮೇಲೆ ವೀರೇಶನು “ಏ, ಇದೇನ್ ದೊಡ್ಡ ವಿದ್ಯಾ, ನಾ ಬಡಿಗ್ಯಾರ ಮಗಾ ಅದೀನಿ” ಅಂತಾ ಹೇಳಿ ನನ್ನ ಕೈಯಿಂದ ಕಣ್ಣುಳಿ ಕಸಿದುಕೊಂಡನು. ಬಲಗೈಯಲ್ಲಿ ಹಿಡಿದನು. ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಆ ತಗ್ಗು ಸಿಗುವುದಿಲ್ಲ, ಬಾಯಿಯೂ ಮರಕ್ಕೆ ಕೂರುವುದಿಲ್ಲ, ಜಾರುತ್ತದೆ. “ಅಣ್ಣಾ ಬ್ಯಾಡ, ಅದು ಎಡಗೈದು” ಅಂತಾ ನಾನು ಅಂದೆನು. ಅಷ್ಟರಲ್ಲಿ ಉಳಿ ಜಾರಿ, ಹೋಳನ್ನು ಒತ್ತಿ ಹಿಡಿದಿದ್ದ ಅವನ ಎಡಗೈ ತೋರುಬೆರಳಿಗೆ ತಾಗಿ ರಕ್ತ ಬಂದಿತು. ನಾನು ನನ್ನ ಓಢಣಿಯ ಅಂಚು ಹರಿದು ಕಟ್ಟಲು ಹೋದೆನು. ಅವನು ಕಟ್ಟಿಸಿಕೊಳ್ಳಲಿಲ್ಲ. ಫೋಟೋ ತೆಗೆಯುತ್ತಿದ್ದವನು ತನ್ನ ಗಾಡಿ ಹತ್ತಿ ಹೋದನು. ನಾನು ಅಚ್ಚನ್ನು ತೆಗೆದುಕೊಂಡು, ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದೆನು.

ಅದೇ ದಿನ ಸಂಜೆ 7 ಗಂಟೆ ಸುಮಾರಿಗೆ ಇಬ್ಬರು ಪೊಲೀಸರು ನಮ್ಮ ಮನೆಗೆ ಬಂದರು. ನಾನು ಚಾಕು ತೋರಿಸಿ ಬೆರಳು ಕೊಯ್ದಿದ್ದೇನೆಂದು ವೀರೇಶ ದೂರು ಕೊಟ್ಟಿದ್ದಾನೆ, ಪೆಟ್ಟಿಗೆ ಠಾಣೆಯಲ್ಲಿದೆ ಎಂದು ತಿಳಿಸಿದರು. “ಚಾಕು ತೋರಿಸಿದ್ದು ಖರೆ ಏನು?” ಎಂದು ಕೇಳಲಾಗಿ, ನಾನು “ಹೌದ್ರೀ ಸಾಹೇಬ್ರ, ತೋರಿಸೇನ್ರಿ. ತೋರಿಸು ಅಂದಾ, ತೋರಿಸಿದ್ನಿ” ಅಂದೆನು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆಳಿಗ್ಗೆ ಠಾಣೆಗೆ ಬರಲು ಹೇಳಿ ಹೋದರು. ನನ್ನ ತಾಯಿ ಹಣೆ ಬಡಿದುಕೊಂಡು, “ಇಷ್ಟ ವರ್ಷ ಮಂದಿ ಮುಂದ ಬಾಯಿ ತೆಗೀಲಿಲ್ಲ, ತೆಗೆದಾಕಿ ಪೊಲೀಸರ ಮುಂದ ತೆಗದೀಯಲ್ಲಬೇ” ಅಂತಾ ಅತ್ತಳು.

ಈ ದಿನ ಬೆಳಿಗ್ಗೆ ಮಮತಾ ಅವರು ಕೇಳಿದಾಗಲೂ ಅದೇ ಉತ್ತರ ಕೊಟ್ಟೆನು. ಅವರು ಪೆನ್ನು ನಿಲ್ಲಿಸಿ, “ತಂಗಿ, ಚಾಕು ತೋರಿಸಿದ್ನಿ ಅಂದ್ರ ಹೆದರಿಸಿದ್ನಿ ಅಂತ ಆಗತೈತಿ. ಬ್ಯಾರೆ ಮಾತು ಹೇಳು” ಅಂದರು. ನನಗೆ ಬೇರೆ ಮಾತು ಇಲ್ಲ. ತೋರಿಸಿದ್ದು ನಿಜ. ಹೆದರಿಸಿದ್ದು ಸುಳ್ಳು. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ ಎಂದೆನು. ಬರೆದಿದ್ದಾರೆ.

ಇದನ್ನು ಬರೆಸುತ್ತಿರುವಾಗ 11 ಗಂಟೆಗೆ ಅಮೃತವ್ವ ಕಾಕು ಸೆರಗಿನಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಠಾಣೆಗೆ ಬಂದರು. ವೀರೇಶ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕುಳಿತಿದ್ದನು. ಕಾಕು ಠಾಣೆಯ ಸಾಹೇಬರನ್ನು ಕೇಳಿ, ಮೇಜಿನ ಮೇಲಿದ್ದ ಕಣ್ಣುಳಿಯನ್ನು ತಮ್ಮ ಬಲಗೈಯಲ್ಲಿ ಹಿಡಿದು ನೋಡಿದರು. “ಇದು ನಮ್ಮ ಮನಿಯವರ ಕೈಯಾಗೂ ಕುಂಡ್ರತಿದ್ದಿಲ್ರಿ. ಈ ಎಡಚೀ ಸಲುವಾಗಿ ಮೂರು ದಿನ ಕುಂತು ಉಜ್ಜಿದ್ರು, ಊಟಕ್ಕ ಕರದ್ರೂ ಏಳಲಿಲ್ಲ” ಅಂದರು. ಮಗನ ಕಡೆ ತಿರುಗಿ, “ಗ್ವಾಡಿಗೆ ಹಚ್ಚೂದಿದ್ರ ನಿಮ್ಮಪ್ಪನ ಫೋಟೋ ಹಚ್ಚಲೇ, ಇನ್ನೂ ಟ್ರಂಕಿನಾಗ ಐತಿ” ಅಂದರು. ಆಮೇಲೆ ಕಾಕು ನನಗೂ ಬೈದರು. “ಬನ್ನಿ ಕೊಡೂದಕ್ಕ ಮೊದಲ ಇಬ್ಬರೂ ಉಳಿ ಮುಟ್ಟೀರಿ. ರಕ್ತ ಬರದ ಏನ್ ಬರತೈತಿ?” ಅಂದರು. ಇದನ್ನು ಒಪ್ಪಿಕೊಳ್ಳುತ್ತೇನೆ. ಬನ್ನಿ ಆಗುವ ಮೊದಲು ಮುಟ್ಟಿದ್ದು ತಪ್ಪು. ನನ್ನಿಂದ ಬೇರೆ ಯಾವ ತಪ್ಪೂ ಆಗಿಲ್ಲ.

ವೀರೇಶನು ಮಮತಾ ಅವರಿಗೆ, ಬೆರಳು ತನ್ನ ಕೈಯಿಂದಲೇ ಕೊಯ್ದುಕೊಂಡಿತು, ದೂರನ್ನು ಮುಂದುವರಿಸುವುದಿಲ್ಲ ಎಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ನಾನೂ ಅವನ ಮೇಲೆ ಯಾವ ದೂರೂ ಕೊಡುವುದಿಲ್ಲ. ಅವನು ಕಾಕಾನ ಮಗ, ಅವನಿಗೆ ಗೊಂಬೆ ಬೇಕಾದರೆ ನಾನು ಕೊಡುತ್ತೇನೆ. ಉಳಿ ಕೊಡುವುದಿಲ್ಲ. ಕಾಕು ಈಗಷ್ಟೇ ನನಗೆ ಬನ್ನಿ ಕೊಟ್ಟಿದ್ದಾರೆ. ಬನ್ನಿಯನ್ನು ಬಲಗೈಯಲ್ಲಿ ತೆಗೆದುಕೊಳ್ಳುವುದು ರೂಢಿ. ಅವರು ನನ್ನ ಎಡಗೈ ಹಿಡಿದು ಅದರಲ್ಲಿ ಇಟ್ಟರು. ಆದ್ದರಿಂದ ಈಗ ಪೆಟ್ಟಿಗೆಯನ್ನು ಮುಟ್ಟಲು ನನಗೆ ಯಾವ ಅಡ್ಡಿಯೂ ಇಲ್ಲ. ಅದನ್ನು ಈ ದಿನವೇ ನನ್ನ ವಶಕ್ಕೆ ಕೊಡಬೇಕು. ಆನೆಯ ಒಂದು ಹೋಳಿನ ಕಣ್ಣು ಮಾತ್ರ ತೆರೆದಿದೆ. ಇನ್ನೊಂದು ಬಾಕಿ ಇದೆ. ಅಚ್ಚು ನನ್ನ ಚೀಲದಲ್ಲಿದೆ, ಕಾಕು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾರೆ.

ಬರೆದದ್ದನ್ನು ಮಮತಾ ಅವರು ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದ ಹಾಗೆಯೇ ಇದೆ, ಯಾವ ಮಾತೂ ಹೆಚ್ಚಿಲ್ಲ, ಬಿಟ್ಟಿಲ್ಲ. ಹೆಬ್ಬೆಟ್ಟಿನ ಶಾಯಿ ಮುಂದಿಟ್ಟರು. ಬೇಡ ಎಂದು ಹೇಳಿ, ಪೆನ್ನು ಕೇಳಿ ಪಡೆದು, ಎಡಗೈಯಿಂದ ಸಹಿ ಮಾಡಿದ್ದೇನೆ.

ಸ್ಥಳ: ಗದಗ-ಬೆಟಗೇರಿ
ದಿನಾಂಕ: 13-10-2024

ಸಹಿ/-
ತಬಸ್ಸುಮ ನಿ. ಗೋಲಂದಾಜ